ಲಡಿ ಬಿಚ್ಚಿ ಉಂಡೆ ಸುತ್ತುವ ಹೊತ್ತು



ಜೂನ್ ಬಂತೆಂದರೆ ನಮ್ಮ ಎಲೆನ್‌ಬ್ರೂಕಿನಲ್ಲಿ ಬೆಳಗಿನ ಚಳಿ ಜೋರು. ಊರಿಂದ ಬಂದಿರುವ ನಮ್ಮಮ್ಮ ಮೊಮ್ಮಗಳಿಗೊಂದು ಉಣ್ಣೆ ಟೋಪಿ ಹಾಕಿಕೊಡುತ್ತೇನೆ ಎಂದು ಕೂತರು. ನಾನು ತಂದಿದ್ದ ಉಣ್ಣೆ ಉಂಡೆಯಾಗಿರಲಿಲ್ಲ, ಲಡಿಯಾಗಿತ್ತು. "ಬಾ ಇಲ್ಲಿ, ಎರಡೂ ಕೈ ಚಾಚು" ಅಂದರು. ಲಡಿಯನ್ನು ನನ್ನ ಕೈಗಳಿಗೆ ಹಾರದ ಹಾಗೆ ಹಾಕಿ, ತುದಿ ಹುಡುಕಿ ಸುತ್ತತೊಡಗಿದರು. ಅರ್ಧ ಗಂಟೆ ಕಳೆದರೂ ಮುಗಿಯಲಿಲ್ಲ. ಮಗಳಿಗೆ ಬೇಸರವಾಗಿ, "ಅಜ್ಜೀ, ಶುರು ಮಾಡೋದು ಯಾವಾಗ?" ಅಂತ ಕೇಳಿದಳು. "ಶುರು ಮಾಡಿ ಆಗ್ಲೇ ಅರ್ಧ ಗಂಟೆ ಆಯ್ತಲ್ಲ ಪುಟ್ಟಿ!" ಅಂದರು ಅಮ್ಮ.

ಮಗು ಕೇಳಿದ್ದರಲ್ಲಿ ತಪ್ಪೇನಿಲ್ಲ. ಚರಿತ್ರೆಯೂ ಹಾಗೆಯೇ ಕೇಳುತ್ತಾ ಬಂದಿದೆ. ನೇಯ್ದ ಕಂಬಳಿ, ಹೆಣೆದ ಕಾಲುಚೀಲ ಲೆಕ್ಕಕ್ಕೆ ಸಿಗುತ್ತವೆ. ಅದಕ್ಕೆ ಮೊದಲು ನೂಲು ಸುತ್ತಿದ ಕೈಗಳು ಸಿಗುವುದಿಲ್ಲ.

ಉಣ್ಣೆಯನ್ನು ಮೊದಲೇ ಉಂಡೆ ಮಾಡಿ ಯಾಕೆ ಕೊಡುವುದಿಲ್ಲ ಎಂದು ನೀವು ಕೇಳಬಹುದು. ನೂಲನ್ನು ತೊಳೆಯಬೇಕು, ಬಣ್ಣಕ್ಕೆ ಅದ್ದಬೇಕು. ಉಂಡೆಯಾಗಿದ್ದರೆ ಬಣ್ಣ ಒಳಗಿನ ಎಳೆಗೆ ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದ ಸಡಿಲವಾದ ಲಡಿ. ಆದರೆ ಲಡಿಯಿಂದ ನೇರವಾಗಿ ಹೆಣೆಯಲು ಹೋದರೆ ನಾಲ್ಕು ಸಾಲಿಗೇ ಸಿಕ್ಕು. ಆದ್ದರಿಂದ ಉಂಡೆ. ಅದನ್ನೂ ಬಿಗಿಯಾಗಿ ಸುತ್ತಬಾರದು. ಬಿಗಿದರೆ ಉಣ್ಣೆ ಎಳೆದುಕೊಂಡಿರುತ್ತದೆ. ಹೆಣೆದು ಒಗೆದ ಮೇಲೆ ಕುಗ್ಗಿ, ಟೋಪಿ ತಲೆಗೆ ಬಿಗಿಯಾಗುತ್ತದೆ. ಅಮ್ಮ ಎರಡು ಬೆರಳನ್ನು ಒಳಗಿಟ್ಟು ಅವುಗಳ ಮೇಲೆಯೇ ಸುತ್ತುತ್ತಿದ್ದರು. ಬೆರಳು ತೆಗೆದಾಗ ಉಂಡೆ ಉಸಿರು ಬಿಟ್ಟಂತೆ ಸಡಿಲವಾಗುತ್ತಿತ್ತು.

ಈ ಕೈಚಳಕ ನಮ್ಮ ನಾಡಿಗೆ ಹೊಸದಲ್ಲ. ಕಡ್ಡಿ ಹಿಡಿದು ಸ್ವೆಟರ್ ಹಾಕುವುದು ನಮ್ಮಲ್ಲಿಗೆ ತಡವಾಗಿ ಬಂತು, ನಿಜ. ಆದರೆ ಉಣ್ಣೆ ನೂಲು ಸುತ್ತುವುದು ಕುರುಬರ ಮನೆಗಳಲ್ಲಿ ತಲೆಮಾರುಗಳಿಂದ ನಡೆದದ್ದು. ಆ ಸಮುದಾಯದ ಒಳಪಂಗಡಗಳ ಹೆಸರಲ್ಲೇ 'ಉಣ್ಣೆ ಕಂಕಣ', 'ಹತ್ತಿ ಕಂಕಣ' ಎಂದು ನೂಲು ಸೇರಿಕೊಂಡಿದೆ. ಚಳ್ಳಕೆರೆಯಂಥ ಊರುಗಳು ಕಂಬಳಿಗೆ ಹೆಸರಾದವು. ಡೆಕ್ಕನಿ ಕುರಿಯ ಒರಟು ಉಣ್ಣೆ ಹಿಂಜಿ, ರಾಟೆಯಲ್ಲಿ ನೂತು, ಸುತ್ತಿ ಕೊಡುವುದು ಹೆಚ್ಚಾಗಿ ಹೆಂಗಸರ ಪಾಲು. ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಕುಣಿಮಗ್ಗದಲ್ಲಿ ನೇಯುವುದು ಗಂಡಸರದು. ಕಂಬಳಿ ಸಂತೆಗೆ ಹೋದಾಗ ಬೆಲೆ ಕಟ್ಟುತ್ತಿದ್ದದ್ದು ಕಂಬಳಿಗೆ. ಸುತ್ತಿದ ಕೈಗೆ ಬೇರೆ ಕೂಲಿ ಯಾರು ಕೊಟ್ಟಾರು? ಅದು ಮನೆಗೆಲಸದ ಜೊತೆ ಸೇರಿಹೋಯಿತು.

ಈಗ ನಾವು ಬಂದು ನೆಲೆಸಿದ ದೇಶಕ್ಕೆ ಬರೋಣ. 1797ರಲ್ಲಿ ಕೇಪ್ ಆಫ್ ಗುಡ್ ಹೋಪ್‌ನಿಂದ ಮೆರಿನೊ ಕುರಿಗಳು ಹಡಗಿನಲ್ಲಿ ಸಿಡ್ನಿಗೆ ಬಂದವು. ಮುಂದೆ ಈ ದೇಶ ಕುರಿಯ ಬೆನ್ನೇರಿ ಸಾಗಿತು ಎಂದು ಇಲ್ಲಿನವರೇ ಹೇಳುವಷ್ಟು ಉಣ್ಣೆ ಬೆಳೆಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ನಮ್ಮ ಸೀಮೆಯಲ್ಲೂ ಮೆರಿನೊ ಟಗರು ತರಿಸಿ ನಾಟಿ ಕುರಿಯ ತಳಿ ಸುಧಾರಿಸುವ ಪ್ರಯತ್ನ ನಡೆದಿತ್ತು. ಅದು ಬಹುಕಾಲ ನಿಲ್ಲಲಿಲ್ಲ.

ಮೊದಲ ಮಹಾಯುದ್ಧ ಬಂದಾಗ ಈ ಉಣ್ಣೆ ಆಸ್ಟ್ರೇಲಿಯಾದ ಮನೆಮನೆಯ ಹೆಂಗಸರ ಮಡಿಲಿಗೆ ಬಂತು. ಫ್ರಾನ್ಸಿನ ಕೆಸರು ಕಂದಕಗಳಲ್ಲಿ ನಿಂತ ಸೈನಿಕರ ಪಾದ ನೆನೆದು ಕೊಳೆಯುತ್ತಿದ್ದವು. ಒಣ ಕಾಲುಚೀಲವೇ ಅವರಿಗೆ ಔಷಧಿ. 1916ರಲ್ಲಿ ಆರಂಭವಾದ ಆಸ್ಟ್ರೇಲಿಯನ್ ಕಂಫರ್ಟ್ಸ್ ಫಂಡ್ ಮೂಲಕ 13 ಲಕ್ಷಕ್ಕೂ ಹೆಚ್ಚು ಜೊತೆ ಕಾಲುಚೀಲಗಳು ಹೋದವು. ಗ್ರೇಸ್ ಕಾಸಿಂಗ್ಟನ್ ಸ್ಮಿತ್ 1915ರಲ್ಲಿ ಬರೆದ 'ದ ಸಾಕ್ ನಿಟ್ಟರ್' ಎಂಬ ಚಿತ್ರ ಸಿಡ್ನಿಯ ಆರ್ಟ್ ಗ್ಯಾಲರಿಯಲ್ಲಿದೆ. ತಲೆ ತಗ್ಗಿಸಿ ಕಾಲುಚೀಲ ಹೆಣೆಯುತ್ತಿರುವವಳು ಕಲಾವಿದೆಯ ತಂಗಿ. ಹೆಣೆದವಳಿಗೆ ಒಂದು ಚಿತ್ರವಾದರೂ ಸಿಕ್ಕಿತು. ಲಡಿಗೆ ಕೈ ಚಾಚಿ ಕೂತ ಮಗುವಿಗೆ, ಉಂಡೆ ಸುತ್ತಿದ ಅಜ್ಜಿಗೆ ಆ 13 ಲಕ್ಷದಲ್ಲಿ ಜಾಗವಿಲ್ಲ.

ನಮ್ಮೂರಿನ ಹೆಸರನ್ನೇ ನೋಡಿ. ಎಲೆನ್ ಬ್ರೂಕ್ ಎಂಬ ಹಳ್ಳಕ್ಕೆ ಆ ಹೆಸರು ಬಂದದ್ದು ಕ್ಯಾಪ್ಟನ್ ಸ್ಟರ್ಲಿಂಗ್‌ನ ಹೆಂಡತಿ ಎಲೆನ್‌ಳಿಂದ. ಹೆಸರು ಉಳಿಯುವುದು ಹೀಗೆ ಕೆಲವರದು ಮಾತ್ರ.

ಇಂದು ಕರ್ನಾಟಕದಲ್ಲಿ ಕುರಿಗಾಹಿಗಳು ಮಾಂಸದ ತಳಿಗಳತ್ತ ತಿರುಗಿದ್ದಾರೆ. ಡೆಕ್ಕನಿ ಉಣ್ಣೆಗೆ ಕೊಳ್ಳುವವರು ಕಡಿಮೆ. ಕತ್ತರಿಸಿದ ಕೂಲಿಯೂ ಹುಟ್ಟದೆ ಎಸೆಯುವುದುಂಟು. ಉಣ್ಣೆ ಹೋದರೆ ಲಡಿ, ಕದಿರು, ಕಂಡಿಕೆ ಎಂಬ ಮಾತುಗಳೂ ಹೋಗುತ್ತವೆ. ಪರದೇಶದಲ್ಲಿರುವ ನಾವು ಮಕ್ಕಳಿಗೆ ಕನ್ನಡ ಉಳಿಯಲಿ ಎಂದು ಹಬ್ಬ ಮಾಡುತ್ತೇವೆ, ಹಾಡು ಕಲಿಸುತ್ತೇವೆ; ಒಳ್ಳೆಯದೇ. ಆದರೆ ಕೆಲಸದ ಮಾತು ಕೆಲಸ ಮಾಡುವಾಗಲೇ ಬಾಯಿಗೆ ಬರುತ್ತದೆ.

ಆ ದಿನ ಕೈ ನೋಯುತ್ತಿದೆ ಎಂದು ನಾನು ಎದ್ದಾಗ ಮಗಳು ಬಂದು ಕೂತಳು. ಕೈ ಚಾಚಿ, "ಅಜ್ಜೀ, ಲಡಿ ಹಾಕು" ಅಂದಳು. ನಿಮ್ಮ ಮನೆಯಲ್ಲೂ ಒಬ್ಬ ಅಜ್ಜಿ ಇದ್ದರೆ, ಈ ಚಳಿಗಾಲದಲ್ಲಿ ಒಮ್ಮೆ ಅವರೆದುರು ಕೈ ಚಾಚಿ ಕೂತು ನೋಡಿ. ಕೈ ಎರಡೂ ಕಟ್ಟಿಹಾಕಿದಂತೆ ಇರುವುದರಿಂದ ಫೋನ್ ಮುಟ್ಟಲಾಗುವುದಿಲ್ಲ. ಮಾತಾಡಲೇಬೇಕಾಗುತ್ತದೆ.