ಗುಳ್ಳೆರೋಗಕ್ಕೆ ಅರ್ಬುದದ ಮದ್ದು

ಬೆಂಗಳೂರಿನ ಡೇರಿ ವೃತ್ತದ ಬಳಿ, ಜಯನಗರಕ್ಕೆ ಅನತಿದೂರದಲ್ಲಿ, 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ. ನಾಡಿನ ಮೂಲೆಮೂಲೆಗಳಿಂದ ಅರ್ಬುದ ರೋಗಿಗಳು ಅಲ್ಲಿಗೆ ಬರುತ್ತಾರೆ. ಇಂತಹ ರೋಗಿಯ ಬಾಯಿ ಹುಣ್ಣಾದರೆ ಮದ್ದಿನ ಕಾವೆಂದು ಮನೆಯವರು ತಿಳಿಯುವುದು ಸಹಜ. ಬಹುಮಟ್ಟಿಗೆ ಅದು ನಿಜವೂ ಹೌದು. ಅಪರೂಪಕ್ಕೆ ಮಾತ್ರ ಅದು ಬೇರೊಂದು ರೋಗದ ಮುನ್ಸೂಚನೆಯಾಗಿರುತ್ತದೆ.

ಆ ರೋಗದ ಕುಲದ ಹೆಸರು ಪೆಂಫಿಗಸ್. ಗ್ರೀಕರ ಮಾತಿನಲ್ಲಿ ಗುಳ್ಳೆಯೆಂದರ್ಥ. ಚರ್ಮದ ಕಣಗಳನ್ನು ಒಂದಕ್ಕೊಂದು ಕಚ್ಚಿಸಿರುವ ಗಾರೆಯನ್ನು ಮೈಯ ಕಾವಲುಪಡೆಯೇ ಹಗೆಯೆಂದು ಬಗೆದು ಸಡಿಲಿಸಿಬಿಡುತ್ತದೆ. ರೋಗಿಯ ರಕ್ತದಲ್ಲೇ ಇದಕ್ಕೆ ಸಾಕ್ಷಿಯುಂಟೆಂದು ಬ್ಯೂಟ್ನರ್ ಮತ್ತು ಜೋರ್ಡನ್ ಎಂಬವರು 1964ರಲ್ಲಿ ತೋರಿಸಿದರು. ಕಾರ್ಟಿಸೋನ್ ಬರುವ ಮುನ್ನ ಈ ರೋಗ ಹಿಡಿದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಸುಲಿದ ಮೈ ಹಾಸಿಗೆಗೆ ಅಂಟದಿರಲೆಂದು ಬಾಳೆಲೆಯ ಮೇಲೆ ಮಲಗಿಸುವುದು ನಮ್ಮ ದೇಶದ ಆಸ್ಪತ್ರೆಗಳು ಕಂಡುಕೊಂಡ ಉಪಾಯ. ಊಟಕ್ಕೆ ಹಾಸುವ ಎಲೆ ರೋಗಿಗೂ ಹಾಸಿಗೆಯಾಯಿತು!

ಕಾರ್ಟಿಸೋನ್ ಪ್ರಾಣ ಉಳಿಸಿತು. ಆದರೆ ದೊಡ್ಡ ಪ್ರಮಾಣದಲ್ಲಿ ದಿನವೂ ಸೇವಿಸಿದರೆ ಸೋಂಕು, ಸಿಹಿಮೂತ್ರಗಳನ್ನೂ ತಂದಿತು. ಆಗ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಡಾ. ಜೆ. ಎಸ್. ಪಸ್ರಿಚಾ ಅವರು 1980ರ ದಶಕದ ಆದಿಯಲ್ಲಿ ಹೊಸ ಕ್ರಮವೊಂದನ್ನು ರೂಢಿಸಿದರು. 28 ದಿನಗಳಿಗೊಮ್ಮೆ, ಮೂರು ದಿನ 100 ಮಿಲಿಗ್ರಾಂ ಡೆಕ್ಸಾಮೆಥಾಸೋನ್. ಅದರಲ್ಲೊಂದು ದಿನ 500 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡ್. ಈ ಎರಡನೆಯದು ಮೂಲತಃ ಅರ್ಬುದದ ಮದ್ದು.

1990ರಲ್ಲಿ ಅಮೆರಿಕದ ಆನ್‌ಹಾಲ್ಟ್ ಮತ್ತು ಸಂಗಡಿಗರು ಐವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಅರ್ಬುದದ ನೆರಳಿನಲ್ಲೇ ಹುಟ್ಟುವ ಪೆಂಫಿಗಸ್ ಉಂಟೆಂದು ತೋರಿಸಿದರು. ಇದರಲ್ಲಿ ಬಾಯಿ ಬೆಂದಂತಾಗುತ್ತದೆ, ಕೆಲವರ ಶ್ವಾಸನಾಳಗಳೂ ಕೆಡುತ್ತವೆ. ಗಂತಿ ಕ್ಯಾಸಲ್‌ಮನ್ ಎಂಬ ಬಗೆಯದಾಗಿದ್ದು ಶಸ್ತ್ರಕ್ರಿಯೆಯಿಂದ ತೆಗೆಯಲು ಬಂದರೆ ಹುಣ್ಣುಗಳು ಮೆಲ್ಲಗೆ ಮಾಯುವುದುಂಟು; ಶ್ವಾಸದ ತೊಂದರೆ ಹಾಗೆ ಹಿಂಜರಿಯುವುದಿಲ್ಲ.

ಲಿಂಫೋಮಾ ಎಂಬ ಅರ್ಬುದಕ್ಕೆ 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಿಟುಕ್ಸಿಮಾಬ್ 2018ರಲ್ಲಿ ಪೆಂಫಿಗಸ್‌ಗೂ ಒಪ್ಪಿಗೆ ಪಡೆಯಿತು. ಹಗೆಯ ಪ್ರತಿಕಾಯಗಳನ್ನು ತಯಾರಿಸುವ ಕಣಗಳ ಮೂಲಕ್ಕೇ ಅದು ಕೈಹಾಕುತ್ತದೆ. 2007ರಿಂದ ಹೈದರಾಬಾದಿನಲ್ಲಿ ತಯಾರಾದ ಮದ್ದೂ ದೊರೆಯತೊಡಗಿತು. ಎರಡೂ ರೋಗ ಒಟ್ಟಿಗಿದ್ದವರಿಗೆ ಒಂದೇ ಮದ್ದೆಂದು ಹಿಗ್ಗುವಂತಿಲ್ಲ. ಮೊದಲೇ ಕುಂದಿದ ರಕ್ಷಣಾಶಕ್ತಿ ಇನ್ನೂ ಕುಂದುವುದರಿಂದ, ಹೆಪಟೈಟಿಸ್ ಬಿ ಅಡಗಿದೆಯೇ ಎಂದು ಮುಂಚೆಯೇ ರಕ್ತ ಪರೀಕ್ಷಿಸಬೇಕು.

ಈಚಿನ ಕೆಲವು ಅರ್ಬುದದ ಮದ್ದುಗಳದು ಇದಕ್ಕೆ ವಿಪರೀತ: ಅವು ಕಾವಲುಪಡೆಯ ಕಡಿವಾಣ ಸಡಿಲಿಸುತ್ತವೆ. ಅದರಿಂದ ಪೆಂಫಿಗಾಯ್ಡ್ ಎಂಬ ಸೋದರ ರೋಗ ಬರುವುದುಂಟು. ಗುಳ್ಳೆ ಅಲ್ಪವಾದರೆ ಮುಲಾಮು ಹಚ್ಚಿ ಮದ್ದು ಮುಂದುವರಿಸುತ್ತಾರೆ. ಮೈತುಂಬ ಹರಡಿದರೆ ಚರ್ಮದ ವೈದ್ಯರೂ ಅರ್ಬುದದ ವೈದ್ಯರೂ ಕೂಡಿ ಕುಳಿತು, ನಿಲ್ಲಿಸುವುದೋ ಬೇಡವೋ ಎಂದು ತೂಗಿನೋಡಬೇಕಾಗುತ್ತದೆ.