ಲಿನಕ್ಸ್ ಗಣಕಯಂತ್ರಗಳಲ್ಲಿ ವೈ-ಫೈ ಸಂಪರ್ಕ ಪದೇ ಪದೇ ಕಡಿತಗೊಳ್ಳುವ ಬಗ್ಗೆ ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವಾಗ ವೈ-ಫೈ ಸಂಪರ್ಕವು ನಡುವೆ ಕಡಿತಗೊಂಡಲ್ಲಿ, ಭರ್ತಿ ಮಾಡಿದ ವಿವರಗಳು ನಷ್ಟವಾಗಬಹುದು. ಶುಲ್ಕ ಪಾವತಿಯ ಹಂತದಲ್ಲಾದರೆ, ಖಾತೆಯಿಂದ ಹಣ ಕಡಿತವಾಗಿಯೂ ಸ್ವೀಕೃತಿ ಸಂಖ್ಯೆ ದೊರೆಯದಿರುವ ಸಂಭವವೂ ಇರುತ್ತದೆ. ಉಬುಂಟು ಮುಂತಾದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಬಳಸುವ ಅರ್ಜಿದಾರರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಲ್ಲಿ ಹೆಸರಿಸಿರುವ ಆದೇಶಗಳನ್ನು ಟರ್ಮಿನಲ್ ಕಿಟಕಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡತಕ್ಕದ್ದು.

ದೋಷವಿರುವ ಸ್ಥಳವನ್ನು ಗುರುತಿಸುವುದು

ಯಾವುದೇ ಬದಲಾವಣೆ ಮಾಡುವ ಮುನ್ನ ದೋಷವು ಗಣಕಯಂತ್ರದಲ್ಲಿದೆಯೋ, ಹೊರಗಿನ ಸಂಪರ್ಕದಲ್ಲಿದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅತ್ಯವಶ್ಯಕ. ಲೆಕ್ಕ ತಾಳೆಯಾಗದಿದ್ದಾಗ ಮೊದಲು ಯಾವ ಪುಟದಲ್ಲಿ ವ್ಯತ್ಯಾಸ ಬಂದಿದೆ ಎಂದು ನೋಡುವ ಕ್ರಮವೇ ಇಲ್ಲಿಯೂ ಸರಿ.

'ಐಪಿ ರೂಟ್' ಆದೇಶವನ್ನು ನೀಡಿದಲ್ಲಿ 'ಡೀಫಾಲ್ಟ್' ಎಂದು ಆರಂಭವಾಗುವ ಸಾಲಿನಲ್ಲಿ ರೂಟರಿನ ವಿಳಾಸ ಕಾಣುತ್ತದೆ. ಮನೆಗಳಲ್ಲಿ ಇದು ಹೆಚ್ಚಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ. 'ಪಿಂಗ್' ಎಂದು ಬರೆದು, ಮುಂದೆ ಸದರಿ ವಿಳಾಸವನ್ನು ನಮೂದಿಸಿ ಐದು ನಿಮಿಷಗಳ ಕಾಲ ಗಮನಿಸಬೇಕು. ಲಿನಕ್ಸ್‌ನಲ್ಲಿ ಈ ಆದೇಶವು ತಾನಾಗಿ ನಿಲ್ಲುವುದಿಲ್ಲ. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ನಿಲ್ಲಿಸಬೇಕು. ಉತ್ತರಗಳು ಕೆಲವೇ ಮಿಲಿಸೆಕೆಂಡುಗಳಲ್ಲಿ ಎಡೆಬಿಡದೆ ಬರುತ್ತಿದ್ದು ಯಾವ ಜಾಲತಾಣವೂ ತೆರೆಯದಿದ್ದಲ್ಲಿ, ವೈ-ಫೈ ಸರಿಯಿದ್ದು, ಅಂತರ್ಜಾಲ ಸೇವೆ ಒದಗಿಸುವವರನ್ನು ಸಂಪರ್ಕಿಸುವುದು ಸೂಕ್ತ. ಉತ್ತರಗಳು ತಪ್ಪಿಹೋಗುತ್ತಿದ್ದಲ್ಲಿ ಮಾತ್ರ ಮುಂದಿನ ಕ್ರಮಗಳು ಅನ್ವಯಿಸುತ್ತವೆ.

ಅರ್ಜಿ ನಮೂನೆಯು ಬಹಳ ಹೊತ್ತು ತೆರೆದಿದ್ದು "ಅವಧಿ ಮುಗಿದಿದೆ" ಎಂಬ ಸಂದೇಶ ಬಂದಲ್ಲಿ ಅದು ಜಾಲತಾಣದ ಸುರಕ್ಷತಾ ನಿಯಮವೇ ಹೊರತು ವೈ-ಫೈ ದೋಷವಲ್ಲ.

ಸಂಕೇತದ ಬಲ

'ಎನ್‌ಎಂಸಿಎಲ್‌ಐ ಡೆವ್ ವೈಫೈ' ಎಂಬ ಆದೇಶವು ಸುತ್ತಲಿನ ಜಾಲಗಳ ಸಂಕೇತ ಬಲವನ್ನು 100ಕ್ಕೆ ಇಷ್ಟು ಎಂದು ತೋರಿಸುತ್ತದೆ. 2.4 ಗಿಗಾಹರ್ಟ್ಸ್ ಜಾಲಕ್ಕೆ ಮೈಕ್ರೋವೇವ್ ಒಲೆ, ಬ್ಲೂಟೂತ್ ಹಾಗೂ ನೆರೆಮನೆಯ ರೂಟರುಗಳಿಂದ ಅಡಚಣೆಯಾಗುತ್ತದೆ. ರೂಟರಿನಲ್ಲಿ 1, 6 ಅಥವಾ 11ನೆಯ ಚಾನೆಲ್‌ಗಳ ಪೈಕಿ ದಟ್ಟಣೆ ಕಡಿಮೆ ಇರುವುದನ್ನು ಆರಿಸಬಹುದು. 5 ಗಿಗಾಹರ್ಟ್ಸ್ ಜಾಲದಲ್ಲಿ ಈ ತೊಂದರೆ ಕಡಿಮೆ. ಆದರೆ ಕಲ್ಲಿನ ದಪ್ಪ ಗೋಡೆಗಳ ಹಳೆಯ ಮನೆಗಳಲ್ಲಿ ಅದು ಪಕ್ಕದ ಕೋಣೆಗೂ ಸರಿಯಾಗಿ ತಲುಪದಿರಬಹುದು.

ವಿದ್ಯುತ್ ಉಳಿತಾಯ ವ್ಯವಸ್ಥೆ

ಸಂಕೇತ ಉತ್ತಮವಾಗಿದ್ದೂ ಸಂಪರ್ಕ ತಡವರಿಸುತ್ತಿದ್ದಲ್ಲಿ ಮೊದಲು ಪರಿಶೀಲಿಸಬೇಕಾದದ್ದು ಇದನ್ನೇ. ಲ್ಯಾಪ್‌ಟಾಪ್ ಬ್ಯಾಟರಿಯ ಉಳಿತಾಯಕ್ಕಾಗಿ ವೈ-ಫೈ ಸಾಧನವು ಮಾಹಿತಿ ರವಾನೆ ಇಲ್ಲದ ವೇಳೆಯಲ್ಲಿ ವಿಶ್ರಾಂತಿ ಸ್ಥಿತಿಗೆ ಹೋಗುತ್ತದೆ. ಅರ್ಜಿದಾರರು ವಿಳಾಸ, ದಾಖಲೆಗಳ ವಿವರ ಇತ್ಯಾದಿಗಳನ್ನು ಟೈಪ್ ಮಾಡುತ್ತಿರುವಷ್ಟು ಹೊತ್ತು ಜಾಲದಲ್ಲಿ ಹೆಚ್ಚಿನ ರವಾನೆ ಇರುವುದಿಲ್ಲ. ಕೆಲವು ಸಾಧನಗಳು ಆ ಸ್ಥಿತಿಯಿಂದ ಸರಿಯಾಗಿ ಎಚ್ಚೆತ್ತುಕೊಳ್ಳದ ಕಾರಣ, 'ಸಲ್ಲಿಸಿ' ಗುಂಡಿ ಒತ್ತಿದಾಗಲೇ ಸಂಪರ್ಕ ಕೈಕೊಡುತ್ತದೆ.

ಉಬುಂಟುವಿನಲ್ಲಿ ಈ ವ್ಯವಸ್ಥೆಯನ್ನು ಸಾಮಾನ್ಯವಾಗಿ 'ಇಟಿಸಿ' ಫೋಲ್ಡರಿನೊಳಗೆ ನೆಟ್‌ವರ್ಕ್‌ಮ್ಯಾನೇಜರ್‌ನ 'ಕಾನ್ಫ್.ಡಿ' ಫೋಲ್ಡರಿನಲ್ಲಿರುವ ಕಡತವೊಂದು ನಿಯಂತ್ರಿಸುತ್ತದೆ. ಅದರಲ್ಲಿ 'ವೈಫೈ.ಪವರ್‌ಸೇವ್' ಎದುರು 3 ಎಂದಿದ್ದಲ್ಲಿ ಉಳಿತಾಯ ಚಾಲನೆಯಲ್ಲಿದೆ ಎಂದರ್ಥ. ಮೂಲ ಕಡತದ ಪ್ರತಿಯನ್ನು ಬೇರೆಡೆ ಇಟ್ಟುಕೊಂಡು, ನಿರ್ವಾಹಕರ ಅಧಿಕಾರದೊಂದಿಗೆ 3ನ್ನು 2 ಎಂದು ತಿದ್ದಿ, ಯಂತ್ರವನ್ನು ಮರುಚಾಲನೆ ಮಾಡತಕ್ಕದ್ದು. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗಬಹುದು.

ಚಾಲಕ ತಂತ್ರಾಂಶ

ವ್ಯವಸ್ಥೆಯನ್ನು ನವೀಕರಿಸಿದ ಮರುದಿನದಿಂದಲೇ ತೊಂದರೆ ಆರಂಭವಾಗಿದ್ದಲ್ಲಿ, ಹೊಸ ಕರ್ನಲ್‌ಗೆ ವೈ-ಫೈ ಸಾಧನದ ಚಾಲಕ ತಂತ್ರಾಂಶ ಹೊಂದಿಕೊಳ್ಳದಿರುವುದು ಸಂಭವನೀಯ. ಬೇರೆಡೆಯಿಂದ ತಂದು ಅಳವಡಿಸಿದ ಚಾಲಕಗಳಲ್ಲಿ ಇದು ಹೆಚ್ಚು. ಯಂತ್ರ ಆರಂಭವಾಗುವಾಗ ಗ್ರಬ್ ಪಟ್ಟಿಯ 'ಅಡ್ವಾನ್ಸ್‌ಡ್ ಆಪ್ಷನ್ಸ್' ಅಡಿಯಲ್ಲಿ ಹಿಂದಿನ ಕರ್ನಲ್ ಅನ್ನು ಆರಿಸಿ ನೋಡಬಹುದು.

ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ

ದುರಸ್ತಿಗಾಗಿ ಕಾಯುವುದು ಸಾಧುವಲ್ಲ. ರೂಟರಿಗೆ ನೇರವಾಗಿ ಕೇಬಲ್ ಜೋಡಿಸಬಹುದು. ಅಥವಾ ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಚಾಲನೆಗೊಳಿಸಿದಲ್ಲಿ ಲಿನಕ್ಸ್ ಅದನ್ನು ಸಾಮಾನ್ಯವಾಗಿ ತಂತಿ ಸಂಪರ್ಕವೆಂದೇ ಗುರುತಿಸುತ್ತದೆ.

ಪಾವತಿಯ ನಡುವೆ ಸಂಪರ್ಕ ಕಡಿತಗೊಂಡಲ್ಲಿ ತಕ್ಷಣವೇ ಎರಡನೆಯ ಬಾರಿ ಪಾವತಿಸಬಾರದು. ಮೊದಲು ಬ್ಯಾಂಕ್ ಖಾತೆಯ ವಿವರವನ್ನೂ, ನಂತರ ಜಾಲತಾಣದಲ್ಲಿ ಅರ್ಜಿಯ ಸ್ಥಿತಿಯನ್ನೂ ಪರಿಶೀಲಿಸಬೇಕು. ಹಣ ಕಡಿತವಾಗಿದ್ದು ಅರ್ಜಿಯಲ್ಲಿ ಪಾವತಿ ಬಾಕಿ ಎಂದೇ ತೋರುತ್ತಿದ್ದಲ್ಲಿ, ಬ್ಯಾಂಕಿನ ವಹಿವಾಟು ಸಂಖ್ಯೆ, ದಿನಾಂಕ ಹಾಗೂ ಮೊತ್ತವನ್ನು ಬರೆದಿಟ್ಟುಕೊಂಡು, ಅರ್ಜಿ ಸಂಖ್ಯೆಯೊಂದಿಗೆ ಸಂಬಂಧಪಟ್ಟ ಸಹಾಯ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಲು ಕೋರಲಾಗಿದೆ.