ಮಳೆ-ಚಳಿಯ ಚಾರಣಕ್ಕೆ ದಪ್ಪ ಜೀನ್ಸ್, ಒಂದು ಗುಟುಕು ಬ್ರಾಂದಿ ಸಾಕೇ?
ಜುಲೈ ಬಂತೆಂದರೆ ಉತ್ತರಾಖಂಡದ ಹೂಗಳ ಕಣಿವೆಗೆ ಹೊರಡುವವರ ವಾಟ್ಸಾಪ್ ಗುಂಪುಗಳಲ್ಲಿ ಸಲಹೆಗಳು ಓಡಾಡುತ್ತವೆ. ದಪ್ಪ ಜೀನ್ಸ್ ಹಾಕಿಕೊಳ್ಳಿ, ಒಳಗೆ ಎರಡು ಕಾಟನ್ ಬನಿಯನ್ ಇರಲಿ, ಚಳಿಯಾದರೆ ಒಂದು ಗುಟುಕು ಬ್ರಾಂದಿ ಕುಡಿಯಿರಿ. ಮೂರೂ ತಪ್ಪು, ಅಪಾಯಕಾರಿ ಕೂಡ.

ಈ ಕಣಿವೆ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಹೂವು ಅರಳುವುದೇ ಮಳೆಗಾಲದಲ್ಲಾದ್ದರಿಂದ ನೆನೆಯುವುದು ಹೆಚ್ಚುಕಡಿಮೆ ಖಚಿತ. "ಹಿಮವೇನೂ ಬೀಳಲ್ಲ, 10 ಡಿಗ್ರಿ ಏನು ಮಹಾ?" ಎನ್ನುವವರಿದ್ದಾರೆ. ದೇಹದೊಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಅದಕ್ಕೆ ಹಿಮ ಬೇಕಿಲ್ಲ. 10 ಡಿಗ್ರಿ ಚಳಿಗೆ ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಸಾಕು. ಇನ್ನೂ ಎತ್ತರಕ್ಕೆ ಹೋದರೆ ಬೇಸಿಗೆಯನ್ನೂ ನಂಬುವಂತಿಲ್ಲ: 2024ರ ಜೂನ್ ಆರಂಭದಲ್ಲಿ ಇದೇ ರಾಜ್ಯದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಲುಕಿ ಕರ್ನಾಟಕದ 9 ಮಂದಿ ಪ್ರಾಣ ಕಳೆದುಕೊಂಡರು.

ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ನಮ್ಮ ದೇಹದ ಶಾಖವನ್ನು ಹಿಡಿದಿಡುತ್ತದೆ, ಅಷ್ಟೆ. ಹತ್ತಿ ನೀರು ಹೀರಿದಾಗ ಆ ಗಾಳಿಯ ಜಾಗದಲ್ಲಿ ನೀರು ಕೂರುತ್ತದೆ. ನೀರೋ, ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಹಗ್ಗದ ಮೇಲೆ ಜೀನ್ಸ್ ಒಣಗಲು ಎಷ್ಟು ದಿನ ಬೇಕು ನೆನಪಿಸಿಕೊಳ್ಳಿ! ಉಣ್ಣೆ ನೆಂದರೂ ಸ್ವಲ್ಪ ಗಾಳಿ ಉಳಿಸಿಕೊಳ್ಳುತ್ತದೆ. ಪಾಲಿಯೆಸ್ಟರ್ ನೀರು ಹೀರುವುದೇ ಕಡಿಮೆ, ಬೇಗ ಒಣಗುತ್ತದೆ.

ಹಾಗಾಗಿ ಮೈಗೆ ತಾಗುವಂತೆ ತೆಳು ಪಾಲಿಯೆಸ್ಟರ್ ಅಥವಾ ಉಣ್ಣೆಯ ಬಟ್ಟೆ, ಮೇಲೆ ಸ್ವೆಟರ್ ಅಥವಾ ಫ್ಲೀಸ್, ಹೊರಗೆ ಮಳೆ-ಗಾಳಿ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಏರುವಾಗ ಬೆವರಿದರೆ ನಡುವಿನದನ್ನು ತೆಗೆದುಬಿಡಿ, ಬೆವರು ಕೂಡ ನೀರೇ. ಬ್ಯಾಗಿನ ಮೇಲಿನ ರೇನ್‌ಕವರ್ ಒಂದನ್ನೇ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಬ್ಯಾಗಿನ ಒಳಗೇ ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಸಾಮಾನು ತುಂಬಿ ಬಾಯಿ ಕಟ್ಟಿ. ನಮ್ಮನ್ನು ಕೇಳಿದರೆ ಇಡೀ ಬ್ಯಾಗಿನಲ್ಲಿ ಅತಿ ಮುಖ್ಯವಾದದ್ದು ಒಂದು ಜೊತೆ ಒಣ ಬಟ್ಟೆ, ಒಣ ಉಣ್ಣೆಯ ಸಾಕ್ಸ್. ಕಣಿವೆಯೊಳಗೆ ರಾತ್ರಿ ತಂಗುವಂತಿಲ್ಲ, ಸಂಜೆ ಘಾಂಘರಿಯಾಕ್ಕೆ ಮರಳಬೇಕು. ಆ ಜೊತೆಯನ್ನು ಅಲ್ಲಿ ಮಲಗುವಾಗ ಮಾತ್ರ ತೆಗೆಯಿರಿ. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಟ್ಟುಕೊಳ್ಳಿ. ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆ ಎಂಬ ಫಾರ್ವರ್ಡ್ ಕೂಡ ಸುಳ್ಳು.

ಇನ್ನು ಬ್ರಾಂದಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿ ರಕ್ತ ಮೇಲ್ಮೈಗೆ ಬರುವುದರಿಂದ ಬೆಚ್ಚಗೆನಿಸುತ್ತದೆ, ಆದರೆ ಆ ಶಾಖ ಹೊರಗೆ ಸೋರಿಹೋಗುತ್ತಿರುತ್ತದೆ. ಜೊತೆಗೆ ನಡುಕವೂ, ವಿವೇಚನೆಯೂ ಕುಗ್ಗುತ್ತವೆ.

ಜೊತೆಗಾರರೊಬ್ಬರು ವಿಪರೀತ ನಡುಗುತ್ತಿದ್ದರೆ, ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ ತಡಮಾಡಬೇಡಿ. ಗಾಳಿಯಿಂದ ಮರೆಗೆ ಕರೆತಂದು, ಒದ್ದೆ ಬಟ್ಟೆ ಬಿಚ್ಚಿ, ಒಣ ಬಟ್ಟೆ ಹಾಕಿ, ತಲೆಯಿಂದ ಪಾದದವರೆಗೆ ಹೊದಿಸಿ. ಪೂರ್ತಿ ಎಚ್ಚರವಿದ್ದು ನುಂಗಬಲ್ಲವರಾದರೆ ಬಿಸಿ ಸಿಹಿ ಪಾನೀಯ ಕೊಡಿ. ಕೈಕಾಲು ಉಜ್ಜಬೇಡಿ. ಗೊಂದಲದಲ್ಲಿರುವವರ ನಡುಕ ತಾನಾಗಿ ನಿಂತರೆ ಸುಧಾರಿಸಿದರೆಂದು ತಿಳಿಯಬೇಡಿ. ದೇಹ ಸೋಲುತ್ತಿರುವ ಲಕ್ಷಣವದು, ಕೂಡಲೇ ವೈದ್ಯರ ನೆರವು ಬೇಕು.